ತೀರ್ಪಮ್ಮನ ಇಳಿಸಂಜೆ

ಅತ್ತೆ ನನ್ನನ್ನು ಮೊದಲ ಸಲ ಬೈದದ್ದು ನಾನು ತೊಟ್ಟಿದ್ದ ಬಟ್ಟೆಯ ಕಾರಣಕ್ಕೆ. ಬಟ್ಟೆ ಕೊಳೆಯಾಗಿರಲಿಲ್ಲ, ಹರಿದಿರಲಿಲ್ಲ. ಕೆಂಪಾಗಿತ್ತು, ಅಷ್ಟೇ.

ಮದುವೆಯಾದ ಹೊಸತು. ಗಂಡನೂ ಅತ್ತೆಯೂ ಕೆಲಸ ಮಾಡುವ ಬಣ್ಣದ ಕಾರ್ಖಾನೆ ನೋಡಿಬರೋಣ ಎಂದು ಇದ್ದುದರಲ್ಲೇ ಚೆಂದದ ಬಟ್ಟೆ ತೊಟ್ಟು ಹೊರಟಿದ್ದೆ. ಕಾರ್ಖಾನೆ ಎಂದರೆ ಭಾರೀ ಏನಲ್ಲ, ಚಿತ್ರಕಾರರಿಗೆ ಟ್ಯೂಬಿನಲ್ಲಿ ಜಲವರ್ಣ ತುಂಬಿ ಮಾರುವ ಹಳೆಯ ಕಟ್ಟಡ. ಕೆಳಗೆ ಅರೆಯುವ ಯಂತ್ರಗಳು, ಟ್ಯೂಬು ತುಂಬುವ ಉದ್ದನೆಯ ಮೇಜು. ಕಿರುಗುಟ್ಟುವ ಮರದ ಮೆಟ್ಟಿಲು ಹತ್ತಿದರೆ ಮೇಲೊಂದು ಕೋಣೆ. ಅಲ್ಲಿ ಗೋಡೆ ಬೂದು, ಮೇಜು ಬೂದು, ನೆಲವೂ ಬೂದು. ನೇರ ಬಿಸಿಲು ಬೀಳದ ಕಡೆಗೆ ಒಂದು ದೊಡ್ಡ ಕಿಟಕಿ, ಅದರ ಮುಂದೆ ಬೂದು ಕೋಟು ತೊಟ್ಟ ಅತ್ತೆ ಕೈಯಲ್ಲೊಂದು ಕಾರ್ಡು ಹಿಡಿದು ನಿಂತಿದ್ದರು. ನಾನು ಹಲ್ಲು ಕಿರಿಯುತ್ತಾ ಹತ್ತಿರ ಹೋದೆ.

"ಏಯ್! ಹೊರಗೆ ನಡಿ!"

"ಯಾಕತ್ತೆ, ನಾನೇನು ಮಾಡಿದೆ?"

"ನಿನ್ನ ಬಟ್ಟೆ ಬಣ್ಣ ಬಂದು ನನ್ನ ಕಾರ್ಡ್ ಮೇಲೆ ಕೂತ್ಕೊಂಡಿದೆ. ಹೋಗು ಹೋಗು, ಬಾಗಿಲ ಆಚೆ ನಿಂತು ಮಾತಾಡು."

ಕೆಳಗಿದ್ದ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ನನ್ನ ಕಿವಿ ಕಾದುಹೋಯಿತು. ನನಗೂ ಮೂಗಿನ ತುದಿಯಲ್ಲೇ ಕೋಪ, ಮುಚ್ಚಿಟ್ಟು ಏನು ಪ್ರಯೋಜನ? ಮರುದಿನವೇ ಬೂದು ಬಣ್ಣದ ಅಂಗಿ ಹೊಲಿಸಿಕೊಂಡು, ಅದೇ ಕೋಣೆಯ ಬಾಗಿಲಲ್ಲಿ ಹೋಗಿ ನಿಂತೆ. ಅತ್ತೆ ತಲೆಯಿಂದ ಕಾಲಿನವರೆಗೆ ನೋಡಿ, "ಹಟ ಇದೆ. ಒಳ್ಳೇದು. ಬಾ, ಕಾರ್ಡ್ ಎಳೆಯೋದು ಹೇಳಿಕೊಡ್ತೀನಿ" ಎಂದರು. ನಾನು ಕೆಲಸಕ್ಕೆ ಸೇರಿದ್ದು ಹಾಗೆ.

ಕಾರ್ಖಾನೆಯಲ್ಲಿ ಅವರನ್ನು ಕರೆಯುತ್ತಿದ್ದುದು ತೀರ್ಪಮ್ಮ ಎಂದು. ಅವರು ಅಲ್ಲಿಗೆ ಬಂದದ್ದು ಹುಡುಗಿಯಾಗಿದ್ದಾಗ, ತುಂಬಿದ ಟ್ಯೂಬಿನ ಬಾಲ ಮಡಿಚುವ ಕೆಲಸಕ್ಕೆ. ಒಂದು ಮಧ್ಯಾಹ್ನ ಬಣ್ಣ ನೋಡುತ್ತಿದ್ದ ಮುದುಕರು ಎರಡು ಕಾರ್ಡು ಹಿಡಿದು ಸರಿಯಿದೆ ಸರಿಯಿದೆ ಎಂದು ತಲೆಯಾಡಿಸುತ್ತಾ ಹೋಗುವಾಗ, ಈಕೆ ಮೇಜಿನ ಈ ತುದಿಯಿಂದಲೇ "ಎಲ್ಲಿ ಸರಿಯಿದೆ? ಒಂದು ಬಿಸಿ, ಇನ್ನೊಂದು ತಣ್ಣಗೆ" ಎಂದರಂತೆ. ಮುದುಕರು ಬೈಯಲಿಲ್ಲ, ಮೇಲಿನ ಕೋಣೆಗೆ ಕರೆದುಕೊಂಡು ಹೋದರು. ಅವರು ಹೋದ ಮೇಲೆ ಬೂದು ಕೋಟು ಅತ್ತೆಗೆ ಬಂತು. ನಡುವೆ ಗಂಡ ತೀರಿಕೊಂಡಿದ್ದರು, ಮಡಿಲಲ್ಲಿ ಒಬ್ಬ ಮಗನಿದ್ದ. ಅದನ್ನೆಲ್ಲ ಅತ್ತೆ ಹೇಳುತ್ತಿದ್ದುದು ಎರಡು ಮಾತಿನಲ್ಲಿ. ಬಣ್ಣದ ವಿಷಯಕ್ಕೆ ಬಂದರೆ ಮಾತ್ರ ಬಾಯಿಗೆ ಬಿಡುವಿರಲಿಲ್ಲ.

"ನನ್ನಂಥ ಕಣ್ಣು ಇನ್ನೊಂದಿಲ್ಲ. ಇದ್ದರೆ ತೋರಿಸಿ, ನಾಳೆಯಿಂದ ಕೆಲಸಕ್ಕೆ ಬರಲ್ಲ" ಎಂದು ಎದುರಿಗೇ ಹೇಳುವರು. ವಿನಯ ಗಿನಯ ಅವರ ಹತ್ತಿರ ಸುಳಿಯುತ್ತಿರಲಿಲ್ಲ. ಎಂಥ ಹೆಂಗಸಪ್ಪಾ ಎಂದುಕೊಂಡಿದ್ದೆ, ಆದರೆ ಆಡಿದ್ದು ಸುಳ್ಳಲ್ಲ ಎಂದು ಬೇಗ ಗೊತ್ತಾಯಿತು.

ನಮ್ಮಲ್ಲಿ ಬಣ್ಣ ಒಪ್ಪುವ ಕ್ರಮವೊಂದಿದೆ, ಮೂರು ಕಾರ್ಡಿನ ಆಟ ಎನ್ನುತ್ತೇವೆ. ಪ್ರತಿ ಬಣ್ಣಕ್ಕೂ ಒಂದು ತಾಯಿ ಕಾರ್ಡು ಇರುತ್ತದೆ, ಬೆಳಕು ಹೋಗದ ಪೆಟ್ಟಿಗೆಯಲ್ಲಿ. ಹೊಸದಾಗಿ ಅರೆದ ಬಣ್ಣ ಅದಕ್ಕೆ ಹೊಂದಬೇಕು. ಕಾರ್ಡಿನ ಮೇಲೆ ಚಪ್ಪಟೆ ಚಾಕುವಿನಿಂದ ಬಣ್ಣ ಎಳೆಯುವುದು: ಒಂದು ಕಡೆ ದಪ್ಪಗೆ, ನಡುವೆ ಬಿಳಿ ಬೆರೆಸಿ, ಕೊನೆಗೆ ನೀರಲ್ಲಿ ತೆಳ್ಳಗೆ. ಆಮೇಲೆ ಹಳೆಯದರ ಎರಡು ಕಾರ್ಡು, ಹೊಸದರ ಒಂದು ಕಾರ್ಡು ಕಲೆಸಿ ಮೇಜಿನ ಮೇಲೆ ಇಡುವುದು. ಗುರುತು ಹಿಂಬದಿಗೆ. ನೋಡುವವರು ಬೇರೆಯದನ್ನು ಹುಡುಕಬೇಕು. ಸಿಕ್ಕಿತೋ, ಬಣ್ಣ ಕೆಟ್ಟಿತು. ಸಿಗದೆ "ಮೂರೂ ಒಂದೇ" ಎಂದರೆ ಗೆದ್ದಿತು. ಕೊನೆಯ ಮಾತು ಬೂದು ಕೋಟಿನದು. ಅಳೆಯುವ ಯಂತ್ರವೂ ಒಂದಿದೆ, ಅದರಿಂದ ಲೆಕ್ಕ ಶುರುವಾಗುತ್ತದೆ, ಮುಗಿಯುವುದು ಕಣ್ಣಲ್ಲೇ.

ಅತ್ತೆಯ ಪ್ರಾಣ ಇದ್ದದ್ದು ಕೆಂಪು ಮತ್ತು ನೇರಳೆಗಳಲ್ಲಿ. ಇವು ಮಣ್ಣು ಅಗೆದು ತೆಗೆದವೂ ಅಲ್ಲ, ಹೂವು ಹಿಂಡಿದ್ದೂ ಅಲ್ಲ. ದೊಡ್ಡ ರಾಸಾಯನಿಕ ಕಾರ್ಖಾನೆಗಳಲ್ಲಿ ಹುಟ್ಟಿ, ಚೀಲದಲ್ಲಿ ಪುಡಿಯಾಗಿ ಬರುವ ಬಣ್ಣಗಳು. ಹಳೆಯ ಕೆಂಪುಗಳು ಬಿಸಿಲಿಗೆ ಇಟ್ಟರೆ ಬಿಳುಚಿಕೊಳ್ಳುತ್ತಿದ್ದವು, ಇವು ಜಪ್ಪಯ್ಯ ಅಂದರೂ ಮಾಸುವುದಿಲ್ಲ. ಅವುಗಳ ಹೆಸರು ಉಚ್ಚರಿಸಲು ನಾಲಿಗೆಗೆ ವ್ಯಾಯಾಮ. ಕ್ವಿನಾಕ್ರಿಡೋನ್ ಎಂಬುದನ್ನು ಅತ್ತೆ ಕ್ವಿನ್ನಿ ಎನ್ನುವರು, ಪೆರಿಲೀನ್ ಪೆರಿ. ಡಯಾಕ್ಸಜೀನ್ ಎಂಬ ಕಡು ನೇರಳೆಗೆ ಮಾತ್ರ ದೆವ್ವ ಎಂದು ಹೆಸರಿಟ್ಟಿದ್ದರು. ಚಿಟಿಕೆ ಬಿದ್ದರೂ ಇಡೀ ಪಾತ್ರೆಯನ್ನು ಹಿಡಿದುಕೊಳ್ಳುತ್ತದೆ. ಅತ್ತೆಯ ಉಗುರಿನ ಸಂದಿಯಲ್ಲಿ ಅದು ಯಾವತ್ತೂ ಇರುತ್ತಿತ್ತು, ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ.

ಇವೆಲ್ಲದರ ನಡುವೆ ಅವರದೇ ಒಂದು ಬಣ್ಣವಿತ್ತು, ಇಳಿಸಂಜೆ. ಹಿಂದೊಮ್ಮೆ ಹೊಸ ಕ್ವಿನ್ನಿ ಪುಡಿಯ ಮಾದರಿ ಬಂದಾಗ, ಅದಕ್ಕೆ ಏನೇನೋ ಬೆರೆಸಲು ಹೊರಟಿದ್ದ ಕಾರ್ಖಾನೆಯ ಯಜಮಾನರನ್ನು ತಡೆದು, "ಏನೂ ಮುಟ್ಟಬೇಡಿ, ಹೀಗೇ ಅರೆದು ಟ್ಯೂಬಿಗೆ ಹಾಕಿ" ಎಂದವರು ಅತ್ತೆ. ಹೆಸರಿಟ್ಟವರೂ ಅವರೇ. ಟ್ಯೂಬಿನಿಂದ ಹಿಂಡಿದರೆ ಹೆಚ್ಚುಕಡಿಮೆ ಕಪ್ಪು. ನೀರು ಸೋಕಿಸಿ ಎಳೆದರೆ ಒಳಗಿನಿಂದ ಬೆಚ್ಚನೆಯ ಕೆಂಪು ಏಳುತ್ತದೆ, ಕೊನೆಯ ಅಂಚಿನಲ್ಲಿ ಒಂದಿಷ್ಟೇ ನೇರಳೆ. ಚಿತ್ರಕಾರರು ಅದಕ್ಕೆ ಸಾಯುತ್ತಿದ್ದರು. ಅತ್ತೆ ರಜಾ ದಿನ ನನ್ನನ್ನು ಎಳೆದುಕೊಂಡು ಚಿತ್ರ ಪ್ರದರ್ಶನಕ್ಕೆ ಹೋಗಿ, ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತು, "ನೋಡೇ, ಇವಳ ಕುತ್ತಿಗೆ ಕೆಳಗಿನ ನೆರಳು ನಂದು" ಎಂದು ಜೋರಾಗಿ ಹೇಳುವರು. ಕಾವಲಿನವನು ಓಡಿಬರುತ್ತಿದ್ದ. "ಬಾಪ್ಪಾ, ನೀನೂ ನೋಡು" ಎಂದು ಅವನಿಗೂ ತೋರಿಸುವರು.

ಆ ಪುಡಿ ಬರುವುದೇ ನಿಂತುಹೋಯಿತು. ತಯಾರಿಸುತ್ತಿದ್ದ ಕಾರ್ಖಾನೆಗೆ ನಾವು ಯಾವ ಮೂಲೆಯ ಗಿರಾಕಿ? ಅವರು ಮಾಡುತ್ತಿದ್ದುದು ಕಾರುಗಳಿಗೆ ಬಳಿಯಲು, ನಮಗೆ ಸಿಗುತ್ತಿದ್ದುದು ಅದರ ಚೂರುಪಾರು. ಜನ ಬಿಳಿ, ಬೂದು ಕಾರುಗಳನ್ನೇ ಕೊಳ್ಳತೊಡಗಿದ ಮೇಲೆ ಆ ಕೆಂಪು ಯಾರಿಗೂ ಬೇಡವಾಯಿತು. ಸುದ್ದಿ ಬಂದ ದಿನ ಅತ್ತೆ ಮನೆ ತಲುಪುವವರೆಗೆ ರಸ್ತೆಯಲ್ಲಿ ಕಂಡ ಬಿಳಿ ಕಾರುಗಳಿಗೆಲ್ಲ ಹಿಡಿಶಾಪ ಹಾಕಿದರು. ಒಬ್ಬ ಚಾಲಕ ಕಿಟಕಿ ಇಳಿಸಿ ಏನಮ್ಮಾ ಎಂದು ಕೇಳಿದ. ನಾನು ಅವರ ತೋಳು ಹಿಡಿದು ಎಳೆದುಕೊಂಡು ಬಂದೆ.

ಯಜಮಾನರು ಒಂದೇ ಮಾತು ಹೇಳಿದ್ದರು: "ಕೊನೇ ಚೀಲ ಇದೆ. ಅದು ಮುಗಿಯೋದ್ರೊಳಗೆ ಬೇರೆ ಪುಡಿಗಳನ್ನ ಬೆರೆಸಿ ಇದೇ ಬಣ್ಣ ತನ್ನಿ. ಬಂದರೆ ಸರಿ. ಬರದೆ ಇದ್ದರೆ ಇಳಿಸಂಜೆಯನ್ನ ನಿಲ್ಲಿಸಿಬಿಡೋಣ. ಆ ಹೆಸರಲ್ಲಿ ಬೇರೆ ಏನೋ ಮಾರೋದು ನನ್ನ ಕೈಲಾಗಲ್ಲ."

"ತರ್ತೀನಿ" ಎಂದರು ಅತ್ತೆ. "ನಾನು ಹುಟ್ಟಿಸಿದ್ದು, ನಾನೇ ಉಳಿಸ್ಕೋತೀನಿ."

ಆಮೇಲೆ ಶುರುವಾಯಿತು ನೋಡಿ ರಂಪ. ಕಿಟಕಿಯ ಗಾಜು ಕೊಳೆಯಾಗಿದೆ ಎಂದು ತೊಳೆಸಿದರು. ಒಣಗುವ ಮೊದಲೇ ಮತ್ತೆ ತೊಳೆಸಿದರು. ಕಾರ್ಡಿನ ಕಾಗದ ಹಳದಿಯಾಗಿದೆ ಎಂದು ಕಾಗದ ಕೊಡುವವನಿಗೆ ಫೋನಿನಲ್ಲಿ ಮುಖಕ್ಕೆ ಹೊಡೆದ ಹಾಗೆ ಬೈದು, ಕಟ್ಟುಗಟ್ಟಲೆ ವಾಪಸು ಕಳಿಸಿದರು. ಹೊಸ ಕಟ್ಟು ಬಂತು. ಅದೂ ಹಳದಿಯಂತೆ! ನನಗೆ ಹಾಲಿನಷ್ಟು ಬೆಳ್ಳಗೆ ಕಾಣುತ್ತಿತ್ತು. ವಯಸ್ಸಾಯಿತು, ಸಿಡುಕು ಹೆಚ್ಚಾಯಿತು ಎಂದುಕೊಂಡು ಸುಮ್ಮನಾದೆ. ಬೇರೊಂದು ಕ್ವಿನ್ನಿ, ಅದಕ್ಕಿಷ್ಟು ಪೆರಿ, ಮೇಲೊಂದು ಚಿಟಿಕೆ ದೆವ್ವ. ಮರುದಿನ ಇನ್ನೊಂದು ಚಿಟಿಕೆ, ಅದರ ಮರುದಿನ ಮತ್ತೊಂದು. ಚೀಲ ಇಳಿಯುತ್ತಾ ಬಂತು.

ಕೊನೆಗೊಂದು ದಿನ ನಾನೇ ಎಳೆದ ಮೂರು ಕಾರ್ಡು ಮೇಜಿನ ಮೇಲೆ ಇಟ್ಟೆ. ಅತ್ತೆ ಬಹಳ ಹೊತ್ತು ನೋಡಿ, ಬೆನ್ನು ನೆಟ್ಟಗೆ ಮಾಡಿ, "ಮೂರೂ ಒಂದೇ" ಎಂದರು. ಕೆಳಗಿನವರಿಗೆ ಕೇಳಲಿ ಎಂದು ಮತ್ತೊಮ್ಮೆ ಕೂಗಿದರು. ಕೆಳಗೆ ಚಪ್ಪಾಳೆ.

ನಡುವಿನ ಕಾರ್ಡು ಬೇರೆ. ಗುರುತು ಗೊತ್ತಿತ್ತು ಎಂದು ಹೇಳುತ್ತಿಲ್ಲ. ಬಾಗಿಲಲ್ಲಿ ನಿಂತವರಿಗೂ ಕಾಣುವಷ್ಟು ನೀಲಿ ತಿರುಗಿತ್ತು.

"ಅತ್ತೆ, ನಡುವಿಂದು ನೀಲಿಯಾಗಿದೆ."

"ಏನಂದೆ?"

"ಬೇರೆ ಕಾಣ್ತಿದೆ ಅಂದೆ. ದೆವ್ವ ಜಾಸ್ತಿಯಾಗಿದೆ."

"ನಿನ್ನ ಕಣ್ಣು ತೊಳ್ಕೊಂಡು ಬಾ."

"ನನ್ನ ಕಣ್ಣು ಚೆನ್ನಾಗೇ ಇದೆ."

"ಹಾಗಾದ್ರೆ ನನ್ನ ಕಣ್ಣು ಹಾಳಾಗಿದೆ ಅಂತೀಯಾ? ಹೇಳು, ಬಾಯಿಬಿಟ್ಟು ಹೇಳು!"

ಹೇಳಲಿಲ್ಲ. ಚಾಕು ತೊಳೆಯಲು ತಿರುಗಿದೆ. ಮನೆಗೆ ಬಂದ ಮೇಲೆ ಇಬ್ಬರ ನಡುವೆ ಮಾತು ನಿಂತಿತು. "ನಿನ್ನ ಹೆಂಡತಿಗೆ ಹೇಳು, ತಟ್ಟೆ ತೊಳೆದಾಗಿದೆ ಅಂತ" ಎಂದು ಅತ್ತೆ, "ನಿಮ್ಮಮ್ಮನಿಗೆ ಹೇಳಿ, ನೋಡಿದೀನಿ ಅಂತ" ಎಂದು ನಾನು. ನನ್ನ ಗಂಡ ಅರೆಯುವ ಯಂತ್ರ ನಡೆಸುವವನು, ಉರುಳೆಗಳ ಸದ್ದು ಕೇಳಿಯೇ ಬಣ್ಣ ನುಣ್ಣಗಾಯಿತೋ ಇಲ್ಲವೋ ಹೇಳಬಲ್ಲ. ಮಾತು ಮಾತ್ರ ಇಲ್ಲವೇ ಇಲ್ಲ. ಇಬ್ಬರಿಗೂ "ಹ್ಞೂಂ" ಎಂದು ಊಟ ಮುಗಿಸಿ ಎದ್ದ. ಇಂಥವನನ್ನು ಕಟ್ಟಿಕೊಂಡ ನನ್ನ ಕರ್ಮ ಎಂದುಕೊಂಡೆ.

ನಿದ್ದೆ ಬರಲಿಲ್ಲ. ಬೂದು ಕೋಟು ಒಪ್ಪಿದ ಮೇಲೆ ದೊಡ್ಡ ಪಾತ್ರೆಯಲ್ಲಿ ಅರೆಯುವುದೇ ಮುಂದಿನ ಕೆಲಸ. ಆ ನೀಲಿ ಮುಖದ ಬಣ್ಣ ಇಳಿಸಂಜೆಯ ಹೆಸರಲ್ಲಿ ಹೋದರೆ, ಚಿತ್ರಕಾರರು ಒಂದೇ ಸಲ ಎಳೆದು ನೋಡಿ ಟ್ಯೂಬು ವಾಪಸು ಕಳಿಸುತ್ತಾರೆ. ಆಮೇಲೆ ಬಣ್ಣವೂ ಇಲ್ಲ, ತೀರ್ಪಮ್ಮನೂ ಇಲ್ಲ. ಅವರ ಮಾತು ಸುಳ್ಳಾಗುವುದನ್ನು ಊರೆಲ್ಲ ನೋಡುತ್ತದೆ. ಕಾಗದ ಹಳದಿ ಎಂದದ್ದು ನೆನಪಾದದ್ದು ಆಗ. ಅಯ್ಯೋ, ಕಾಗದವಲ್ಲ! ಎದ್ದು ಕೂತೆ. ಅವರಿಗೆ ಲೋಕವೇ ಹಳದಿಯಾಗಿ ಕಾಣುತ್ತಿದೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಒಂದು ಕೆಟ್ಟ ಕೆಲಸ ಮಾಡಿದೆ. ಮೂರು ಕಾರ್ಡು ಎಳೆದೆ. ಎರಡು ಹಳೆಯದು, ಮೂರನೆಯದಕ್ಕೆ ದೆವ್ವವನ್ನು ಧಾರಾಳವಾಗಿ ಸುರಿದೆ. ಹುಟ್ಟಿದ ಮಗುವೂ ಹೇಳಬಹುದಾದಷ್ಟು ನೀಲಿ. ಅತ್ತೆ ಬರುತ್ತಲೇ ಮೇಜಿನ ಕಡೆ ತೋರಿಸಿದೆ. ಅವರು ಬಗ್ಗಿ ನೋಡಿದರು.

"ಇದೇನು? ನನಗೇ ಪರೀಕ್ಷೆ ಇಡ್ತಿದೀಯಾ? ಮೂರೂ ಒಂದೇ."

ಅಷ್ಟರಲ್ಲಿ ನನ್ನ ಗಂಡ ಯಾವುದೋ ಸ್ಪ್ಯಾನರು ಹುಡುಕುತ್ತಾ ಮೇಲೆ ಬಂದ. ಕಪಾಟು ತೆಗೆದ, ಮುಚ್ಚಿದ, ಹೋಗುವಾಗ ಮೇಜಿನ ಕಡೆ ಕಣ್ಣು ಹಾಯಿಸಿ, ಯಾರೂ ಕೇಳದಿದ್ದರೂ "ಬಲಗಡೇದು ಯಾಕೆ ಇಷ್ಟು ನೀಲಿ?" ಎಂದು ಕೇಳಿ ಇಳಿದುಹೋದ.

ಒಂದು ಕಾಲಿಗೆ ಕಂದು, ಇನ್ನೊಂದಕ್ಕೆ ಕಪ್ಪು ಕಾಲುಚೀಲ ಹಾಕಿಕೊಂಡು ಮದುವೆಮನೆಗೆ ಬಂದವನು ಅವನು. ಅವನಿಗೆ ಬಣ್ಣದ ಗಂಧ ಇಲ್ಲ ಎಂದು ಅತ್ತೆಯೇ ನೂರು ಸಲ ನಕ್ಕಿದ್ದರು. ಅವನಿಗೆ ಕಂಡದ್ದು ಅವರಿಗೆ ಕಾಣಲಿಲ್ಲ. ಅತ್ತೆ ಬಲಗಡೆಯ ಕಾರ್ಡು ಎತ್ತಿಕೊಂಡು ಕಿಟಕಿಗೆ ಹೋದರು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. ಆಮೇಲೆ ನಿಧಾನಕ್ಕೆ ಕೋಟಿನ ಗುಂಡಿ ಬಿಚ್ಚಿದರು.

ನನಗೆ ಅಳು ತಡೆಯಲಾಗಲಿಲ್ಲ. ಆ ಕಾರ್ಡು ಯಾಕಾದರೂ ಎಳೆದೆನೋ ಅನ್ನಿಸಿತು. ಅಷ್ಟು ದಿನ ಅವರ ಮೇಲೆ ಸಿಟ್ಟಿದೆ ಎಂದುಕೊಂಡಿದ್ದೆ. ಸಿಟ್ಟಲ್ಲ ಅದು, ಆ ಹೆಂಗಸು ಸೋಲುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

"ಅತ್ತೆ, ತಪ್ಪಾಯ್ತು, ನಾನು..."

"ಅಳೋದು ಆಮೇಲೆ ಇಟ್ಕೋ. ಕಣ್ಣಿನ ಡಾಕ್ಟರ್ ಎಷ್ಟೊತ್ತಿಗೆ ಬಾಗಿಲು ತೆಗೀತಾನೆ, ಅದನ್ನ ಮೊದಲು ವಿಚಾರಿಸು." ಮೆಟ್ಟಿಲ ಬಳಿ ಹೋಗಿ ಬಗ್ಗಿ, "ಯಜಮಾನರೇ, ನಿನ್ನೆ ನಾನು ಹೇಳಿದ್ದು ತಪ್ಪು! ಪಾತ್ರೆಗೆ ಹಾಕಬೇಡಿ!" ಎಂದು ಕೂಗಿದರು. ನಿನ್ನೆ ಕೂಗಿದಷ್ಟೇ ಜೋರಾಗಿ.

ಡಾಕ್ಟರು ದೀಪ ಬಿಟ್ಟು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಪೊರೆ ಹಳದಿಯಾಗುತ್ತಾ ಹೋದ ಹಾಗೆ ನೀಲಿ ನೇರಳೆಗಳೇ ಮೊದಲು ಮಂಕಾಗುತ್ತವಂತೆ.

"ಅಂದರೆ ನಾನು ಇಷ್ಟು ದಿನ ಟೀ ಲೋಟದೊಳಗಿಂದ ನೋಡ್ತಿದ್ದೆ" ಎಂದರು ಅತ್ತೆ. "ಕಣ್ಣು ಹೋಗಿಲ್ಲ ತಾನೇ? ಕಿಟಕಿ ಕೊಳೆಯಾಗಿದೆ ಅಷ್ಟೇ. ತೊಳೀರಿ." ಡಾಕ್ಟರು ನಕ್ಕರು. ಮೊದಲು ಎಡಗಣ್ಣಿಗೆ ಆಪರೇಷನ್, ಬಲಗಣ್ಣಿಗೆ ಆಮೇಲೆ ಎಂದು ತೀರ್ಮಾನವಾಯಿತು.

ಅವರು ಮನೆಯಲ್ಲಿದ್ದ ದಿನಗಳಲ್ಲಿ ಬೂದು ಕೋಟು ಮೊಳೆಗೆ ನೇತಾಡುತ್ತಿತ್ತು. ನಾನು ಮುಟ್ಟಲಿಲ್ಲ, ನನ್ನ ಬೂದು ಅಂಗಿಯಲ್ಲೇ ದುಡಿದೆ. ಅತ್ತೆಯ ಫೋನು ಮಾತ್ರ ಬಿಡಲಿಲ್ಲ. "ಪೆರಿ ಹಾಕಿದ್ಯಾ? ಎಷ್ಟು ಹಾಕಿದ್ದೆ? ಅಷ್ಟೊಂದಾ!" ನಾನು ಪೆರಿಯನ್ನು ತಗ್ಗಿಸಿದೆ, ಏರಿಸಿದೆ, ದೆವ್ವವನ್ನು ಕಣ್ಣಿಗೆ ಕಾಣದಷ್ಟು ಇಳಿಸಿದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತದ್ದಕ್ಕೆ ಫಲ ಸಿಕ್ಕಿತು. ಒಂದು ಸಂಜೆ ನಾನಿಟ್ಟ ಕಾರ್ಡುಗಳಲ್ಲಿ ಬೇರೆಯದನ್ನು ಹುಡುಕಲು ಯಜಮಾನರಿಗೆ ಆಗಲಿಲ್ಲ, ಟ್ಯೂಬಿನ ಮೇಜಿನವರಿಗೂ ಆಗಲಿಲ್ಲ. ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಚೀಲದ ತಳ ಕಾಣುತ್ತಿತ್ತು. "ಒಪ್ಪಿಬಿಡೋಣವಾ?" ಎಂದು ಕೇಳಿದರು ಯಜಮಾನರು.

"ಇಲ್ಲ, ಅತ್ತೆ ಬರಲಿ" ಎಂದೆ.

ಡಾಕ್ಟರು ಹೊರಗೆ ಹೋಗಬಹುದು ಎಂದ ದಿನವೇ ಅತ್ತೆ ಬಂದರು. ಮೆಟ್ಟಿಲು ಹತ್ತಿ, ಕೋಟು ತೊಟ್ಟು, ಮೊದಲು ಕೈಗೆತ್ತಿಕೊಂಡದ್ದು ಬರೀ ಕಾಗದವನ್ನು. ಬಲಗಣ್ಣಿಗೆ ಅಂಗೈ ಅಡ್ಡ ಹಿಡಿದು ನೋಡಿದರು.

"ಅಯ್ಯಯ್ಯೋ, ಎಷ್ಟು ಬೆಳ್ಳಗಿದೆ! ಆ ಕಾಗದದವನಿಗೆ ಫೋನ್ ಮಾಡು, ಪಾಪ, ಕ್ಷಮೆ ಕೇಳ್ಬೇಕು." ಆಮೇಲೆ ತಮ್ಮ ಉಗುರು ನೋಡಿಕೊಂಡು, "ಥೂ, ಇಷ್ಟು ನೇರಳೆ ಇಟ್ಕೊಂಡು ಓಡಾಡ್ತಿದ್ನಾ! ಹೇಳ್ಬಾರ್ದಾ?" ಎಂದರು.

ಎಲ್ಲರೂ ಮೇಲೆ ಬಂದು ನೆರೆದಿದ್ದರು. ನಾನು ಮೂರು ಕಾರ್ಡು ಇಟ್ಟೆ. ಅತ್ತೆ ಕೂರಲೂ ಇಲ್ಲ.

"ಎಡಗಡೇದು."

ತಿರುಗಿಸಿದೆ. ಎಡಗಡೆಯದೇ. ನನ್ನ ಪಿತ್ತ ನೆತ್ತಿಗೇರಿತು. ಇಷ್ಟು ಜನರಿಗೆ ಸಿಗದ್ದು, ಒಂದು ಕಣ್ಣಿಗೆ ಒಂದೇ ನೋಟಕ್ಕೆ!

"ಎಲ್ಲಿ ಬೇರೆ? ತೋರಿಸಿ!"

"ದಪ್ಪಗಿರೋ ಕಡೆ ಸರಿ. ಬಿಳಿ ಬೆರೆಸಿದ ಕಡೆ ಕೂಡ ಸರಿ. ತೆಳ್ಳಗೆ ಎಳೆದ ಕಡೆ ಅಂಚು ನೋಡು. ಹಳೇದರಲ್ಲಿ ಕೆಂಪು ಮೊದಲು ಬರುತ್ತೆ, ನೇರಳೆ ಆಮೇಲೆ. ನಿಂದರಲ್ಲಿ ನೇರಳೆ ಮುಂದೆ ನುಗ್ಗಿ ಕೂತಿದೆ. ಆ ದೆವ್ವನ್ನ ಪೂರಾ ತೆಗಿ, ಅದು ಇದ್ದ ಕಡೆ ಇನ್ನೊಬ್ಬರನ್ನ ಮಾತಾಡಕ್ಕೆ ಬಿಡಲ್ಲ."

"ನಿಮ್ಮ ಹಾಗೇ" ಎಂದೆ. ಬಾಯಿ ಜಾರಿತು. ಎಲ್ಲರಿಗಿಂತ ಮೊದಲು ನಕ್ಕವರು ಅತ್ತೆ.

ದೆವ್ವವನ್ನು ಕಪಾಟಿನೊಳಗೆ ಇಟ್ಟು ಬೀಗ ಹಾಕಿದೆವು. ಅದರ ಬದಲಿಗೆ ನೇರಳೆ ಕಡೆಗೆ ವಾಲಿದ ಇನ್ನೊಂದು ಕ್ವಿನ್ನಿ ತಂದೆವು. ಅತ್ತೆ ಸ್ಟೂಲಿನ ಮೇಲೆ, ಚಾಕು ನನ್ನ ಕೈಯಲ್ಲಿ. ಬೈಗುಳ ಅವರ ಕಡೆಯಿಂದ ಬಂದಷ್ಟೇ ನನ್ನ ಕಡೆಯಿಂದಲೂ ಹೋಯಿತು. ಕೆಳಗೆ ನನ್ನ ಗಂಡ ಚೀಲದ ಕೊನೆಯ ಪುಡಿ ಕೊಡವಿ ಅರೆದ. ಹೋಲಿಸಿ ನೋಡಲು ಅದೊಂದು ಬೋಗುಣಿಯಷ್ಟು ಉಳಿಯಿತು.

ಹೊಸ ಬೆರಕೆ ಸಿದ್ಧವಾದ ದಿನ ಮತ್ತೆ ಮೂರು ಕಾರ್ಡು ಇಟ್ಟೆ. ಆದರೆ ಮೊದಲು ಸುಳ್ಳು ಕಾರ್ಡುಗಳನ್ನು, ಒಂದರಲ್ಲಿ ಕೂದಲೆಳೆಯಷ್ಟು ಪೆರಿ ಹೆಚ್ಚು ಮಾಡಿ. ಅತ್ತೆ ಬೆರಳು ನೆಟ್ಟರು: "ಇದು. ಕಳ್ಳಿ, ಬೇಕಂತ ಮಾಡಿದೀಯ." ಅವನ್ನು ತೆಗೆದು ನಿಜವಾದವನ್ನು ಇಟ್ಟೆ. ಅತ್ತೆ ಬಗ್ಗಿದರು. ಎಡಗಣ್ಣಲ್ಲಿ ನೋಡಿದರು. ಕಾರ್ಡುಗಳ ಜಾಗ ಬದಲಿಸಿ ನೋಡಿದರು. ಕಿಟಕಿಗೆ ಒಯ್ದರು, ಬಾಗಿಲಿಗೆ ತಂದರು, ತೆಳ್ಳಗಿನ ಅಂಚನ್ನು ಮೂಗಿಗೆ ಹಿಡಿದರು.

"ಮೂರೂ ಒಂದೇ."

ಅದೇ ಮಾತು. ನನ್ನ ಕೈ ಕಾರ್ಡು ತಿರುಗಿಸಲು ಏಳಲಿಲ್ಲ.

"ಸರಿಯಾಗಿ ನೋಡಿ ಅತ್ತೆ."

"ನೋಡಿದೆ ಕಣೇ. ಹುಡುಕಿ ಹುಡುಕಿ ಸಾಕಾಯ್ತು. ಸಿಗ್ತಿಲ್ಲ. ಎಷ್ಟು ಖುಷಿಯಾಗ್ತಿದೆ ಗೊತ್ತಾ ಸಿಗದೆ ಇರೋದಕ್ಕೆ!" ಅವರ ಕಣ್ಣು ತುಂಬಿತ್ತು. ಡಾಕ್ಟರು ಅಳಬೇಡಿ ಎಂದಿದ್ದಾರೋ ಇಲ್ಲವೋ ಎಂದು ನನಗೆ ಗಾಬರಿ.

ಆಮೇಲೆ ಅತ್ತೆ ಪೆಟ್ಟಿಗೆ ತೆಗೆದು, ತಾವು ವರ್ಷಗಳ ಹಿಂದೆ ಎಳೆದ ಇಳಿಸಂಜೆಯ ತಾಯಿ ಕಾರ್ಡನ್ನು ಮೇಜಿನ ಮೇಲೆ ಇಟ್ಟರು. ಪಕ್ಕದಲ್ಲಿ ಒಂದು ಹೊಸ ಕಾರ್ಡು. ಹೊಸ ಬಣ್ಣಕ್ಕೆ ಹೊಸ ತಾಯಿ ಬೇಕು, ಮುಂದೆ ಬರುವುದೆಲ್ಲ ಅದಕ್ಕೆ ಹೊಂದಬೇಕು. ಆ ಕೋಣೆಯಲ್ಲಿ ಅಲ್ಲಿಯವರೆಗೆ ಬೂದು ಕೋಟಿನವರಲ್ಲದೆ ಬೇರೆ ಯಾರೂ ತಾಯಿ ಕಾರ್ಡು ಎಳೆದದ್ದಿಲ್ಲ. ಅತ್ತೆ ಚಾಕುವನ್ನು ನನ್ನ ಕಡೆ ತಿರುಗಿಸಿ ಹಿಡಿದರು.

"ಎಳಿ."

"ನಾನಾ?"

"ಮತ್ತಿನ್ಯಾರು, ನನ್ನ ಮಗನಾ? ಎಳಿ, ಬಣ್ಣ ಒಣಗ್ತಿದೆ."

ಎಳೆದೆ. ದಪ್ಪಗೆ, ಬಿಳಿಯಲ್ಲಿ, ತೆಳ್ಳಗೆ. ತೆಳ್ಳಗಿನ ಕಡೆ ಒಳಗಿನಿಂದ ಕೆಂಪು ಎದ್ದಿತು, ಕೊನೆಯ ಅಂಚಿಗೆ ಸಣ್ಣಗೆ ನೇರಳೆ ಬಂದು ನಿಂತಿತು. ಅತ್ತೆ ಒಣಗುವವರೆಗೆ ಕಾದು, ಕಾರ್ಡನ್ನು ಕಿಟಕಿಗೆ ಹಿಡಿದು ನೋಡಿದರು.

"ಅಂಚು ಸ್ವಲ್ಪ ಸೊಟ್ಟ. ಬಣ್ಣ ಸರಿಯಿದೆ" ಎಂದು, ಅದನ್ನು ತಮ್ಮ ಕಾರ್ಡಿನ ಮೇಲೆ ಇಟ್ಟು ಪೆಟ್ಟಿಗೆ ಮುಚ್ಚಿದರು. "ಜಂಬ ಪಡಬೇಡ. ಇನ್ನೊಂದು ಕಣ್ಣು ಬರಲಿ, ಆಮೇಲೆ ಮತ್ತೆ ನೋಡ್ತೀನಿ."